ಅವನು ಒಪ್ಪಬೇಕು

ಮಂಗಳನತ್ತ ಹೊರಟಿದ್ದ 'ದೂರಯಾನ' ನೌಕೆಯ ನೂರ ಎಂಬತ್ತಮೂರನೆಯ ದಿನದ ಹೊತ್ತಿಗೆ ಅದರೊಳಗಿನವರು ಮಾತು ಬಿಟ್ಟು ಹನ್ನೊಂದು ದಿನಗಳಾಗಿದ್ದವು. ಕಾರಣ ಹೇಳಿದರೆ ಜನ ಈಗಲೂ ನಗುತ್ತಾರೆ. ಒಂದು ಆಟದ ಪುಸ್ತಕದಲ್ಲಿದ್ದ ಎರಡು ಪದಗಳ ವಾಕ್ಯ, ಅಷ್ಟೇ.

ಆಗ ನಾನು ನಿಯಂತ್ರಣ ಕೇಂದ್ರದಲ್ಲಿ ಧ್ವನಿ ಅಧಿಕಾರಿಯಾಗಿದ್ದೆ. ಭೂಮಿಯಿಂದ ನೌಕೆಗೆ ಹೋಗುವ ಮಾತೆಲ್ಲ ನನ್ನ ಬಾಯಿಂದಲೇ ಹೋಗುತ್ತಿತ್ತು. ತಿಂಗಳುಗಟ್ಟಲೆ ಪಯಣಿಸುವವರಿಗೆ ಭೂಮಿ ಎಂದರೆ ಪರಿಚಯದ ಒಂದೇ ದನಿಯಾಗಿರಬೇಕು ಎಂದು ಮನಶ್ಶಾಸ್ತ್ರಜ್ಞರು ಹೇಳಿದ್ದರು. ಚಿಕ್ಕ ನೌಕೆಯಲ್ಲಿ ಒಂದೇ ಭಾಷೆಯಲ್ಲಿ ನಗುವವರು, ಒಂದೇ ಭಾಷೆಯಲ್ಲಿ ಬೈದುಕೊಳ್ಳುವವರು ಇದ್ದರೆ ಚೆನ್ನಾಗಿ ಬಾಳುತ್ತಾರೆ ಎಂದೂ ಅವರೇ ಹೇಳಿದ್ದರು. ಹಾಗಾಗಿ ಮೊದಲ ನೌಕೆ ಬಂಗಾಳಿಗಳದ್ದಾಯಿತು, ಎರಡನೆಯದು ಮರಾಠಿಗರದ್ದು, ಮೂರನೆಯದು ನಮ್ಮದು.

ನೌಕೆಯಲ್ಲಿ ಮೂವರಿದ್ದರು. ನಾಯಕ ಚಂಗಪ್ಪ, ವಿರಾಜಪೇಟೆಯವರು, ಐವತ್ತು ದಾಟಿದವರು. ಎಂಜಿನಿಯರ್ ಗುರುಬಸವ, ಬೀದರದ ಕಡೆಯವನು, ಇಪ್ಪತ್ತೊಂಬತ್ತು ವರ್ಷ. ವೈದ್ಯೆ ಜುಬೇದಾ ಹುಬ್ಬಳ್ಳಿಯವರು. ಪ್ರತಿಯೊಬ್ಬರೂ ಅರ್ಧ ಕಿಲೋ ಸ್ವಂತ ವಸ್ತು ಒಯ್ಯಬಹುದಿತ್ತು. ಜುಬೇದಾ ಒಯ್ದದ್ದು ತಮ್ಮ ತಂದೆ ಚಿಕ್ಕಂದಿನಲ್ಲಿ ಆಡಿಸುತ್ತಿದ್ದ 'ಕೋಟೆಯಾಚೆ' ಎಂಬ ಆಟದ ಹಳೆಯ ಪುಸ್ತಕವನ್ನು.

ಆ ಆಟದಲ್ಲಿ ಒಬ್ಬರು ಸೂತ್ರಧಾರರಾಗಿ ಕಥೆ ಹೇಳುತ್ತಾರೆ. ಉಳಿದವರು ಕಥೆಯೊಳಗಿನ ಯೋಧನೋ ಮಂತ್ರಗಾರನೋ ಆಗಿ, ಈಗ ತಾವು ಏನು ಮಾಡುತ್ತೇವೆಂದು ಹೇಳುತ್ತಾರೆ. ಮಾಡಿದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ತೂಕವಿಲ್ಲದ ಕಡೆ ದಾಳ ಬೀಳುವುದಿಲ್ಲವಲ್ಲ, ಗುರುಬಸವ ಅದನ್ನು ಔಷಧಿ ಡಬ್ಬಿಯಲ್ಲಿ ಹಾಕಿ ಕುಲುಕಿ, ಗಾಳಿ ಎಳೆದುಕೊಳ್ಳುವ ಕೊಳವೆಯ ಜಾಲರಿಗೆ ಹಿಡಿಯುತ್ತಿದ್ದ. ದಾಳ ಜಾಲರಿಗೆ ಅಂಟಿಕೊಂಡಾಗ ಯಾವ ಮುಖ ಎದುರಿಗೆ ಕಂಡಿತೋ ಅದೇ ಲೆಕ್ಕ. ಆರು ತಿಂಗಳು ಪ್ರತಿ ಭಾನುವಾರ ಆಡಿದರು. ಆ ಧ್ವನಿಮುದ್ರಿಕೆಗಳು ನಮಗೂ ಬರುತ್ತಿದ್ದವು. ಕೇಂದ್ರದಲ್ಲಿ ನಾವೆಲ್ಲ ಸೋಮವಾರ ಚಹಾ ಕುಡಿಯುತ್ತ ಕೇಳುತ್ತಿದ್ದೆವು. ಚಂಗಪ್ಪನವರ ಯೋಧ ಸೇತುವೆ ದಾಟುವಾಗ ಹಿರಿಯ ಅಧಿಕಾರಿಗಳೂ ಉಸಿರು ಬಿಗಿಹಿಡಿದಿರುತ್ತಿದ್ದರು.

ಆ ಯೋಧ ಒಂದು ಭಾನುವಾರ ಸತ್ತ. ಕೂಡಲೇ ಗುರುಬಸವನ ಮಂತ್ರಗಾರ 'ಸಾವೆಳೆತ'ದ ಮಂತ್ರ ಹಾಕಿದ. ಪುಸ್ತಕದಲ್ಲಿ ಅದರ ನಿಯಮ ಹೀಗಿದೆ: 'ಸಂಗಾತಿಗೆ ಬಂದ ಸಾವನ್ನು ಮಂತ್ರಗಾರ ತನ್ನ ಮೇಲೆ ಎಳೆದುಕೊಳ್ಳಬಹುದು. ಅವನು ಒಪ್ಪಬೇಕು.'

ಅವನು ಎಂದರೆ ಯಾರು? ಸಾಯಲು ಹೊರಟ ಮಂತ್ರಗಾರನೋ, ಉಳಿಯಬೇಕಾದ ಸಂಗಾತಿಯೋ?

"ನಾನು ಒಪ್ಪಿಲ್ಲ," ಎಂದರು ಚಂಗಪ್ಪ. "ನನ್ನ ಯೋಧ ಸತ್ತ. ಮುಗೀತು."

"ಅವನು ಅಂದ್ರ ಮಂತ್ರಗಾರ ರೀ ಸರ್. ನಾ ಒಪ್ಪೀನಿ. ನಿಮ್ಮ ಯೋಧ ಬದುಕ್ಯಾನ," ಎಂದ ಗುರುಬಸವ.

ಸೂತ್ರಧಾರರಾಗಿದ್ದ ಜುಬೇದಾ ತೀರ್ಪು ಕೊಡಲು ಹೋದರು. ಇಬ್ಬರೂ ಕೇಳಲಿಲ್ಲ. ದನಿ ಏರಿತು. ಕೊನೆಗೆ ಚಂಗಪ್ಪ, "ನಾನು ಕೇಳಿದ್ನಾ ನಿನ್ನ? ಕೇಳಿದ್ನಾ?" ಎಂದು ಕೂಗಿದ್ದು, ಬಾಗಿಲು ಜಾರಿದ್ದು, ಆಮೇಲೆ ಬರೀ ಯಂತ್ರಗಳ ಗುಂಯ್ಗುಟ್ಟುವಿಕೆ. ಅಂದಿನಿಂದ ಅವರು ಪರದೆಯ ಮೇಲೆ ಚೀಟಿ ಬರೆದು ಕೆಲಸ ನಡೆಸುತ್ತಿದ್ದರು.

ಮೊದಲು ನಾವು ನಕ್ಕೆವು. ಆಮೇಲೆ ಎಂಜಿನ್ನಿಗೆ ಇಂಧನ ಹೋಗುವ ಕವಾಟವೊಂದು ಅರ್ಧಕ್ಕೇ ಸಿಕ್ಕಿಕೊಂಡಿತು. ಇನ್ನು ಹತ್ತೊಂಬತ್ತು ದಿನದಲ್ಲಿ ನೌಕೆ ಮಂಗಳನ ಬಳಿ ವೇಗ ತಗ್ಗಿಸಬೇಕು. ಕವಾಟ ತೆರೆಯದಿದ್ದರೆ ಗ್ರಹವನ್ನು ದಾಟಿ ಹೋಗಿಬಿಡುತ್ತದೆ, ತಿರುಗಿ ಬರುವ ದಾರಿ ಇಲ್ಲ. ಒಬ್ಬರು ಹೊರಗೆ ಹೋಗಿ ಕವಾಟ ಬಿಡಿಸಬೇಕು, ಇನ್ನೊಬ್ಬರು ಒಳಗಿನಿಂದ ಯಂತ್ರದ ತೋಳನ್ನು ನಡೆಸಬೇಕು. 'ಬಲಕ್ಕೆ, ಇನ್ನೊಂದು ಬೆರಳು, ಸಾಕು' ಎಂದು ನಾಲ್ಕು ಗಂಟೆ ಬಿಡದೆ ಮಾತಾಡಬೇಕಾದ ಕೆಲಸ ಅದು. ನಮ್ಮ ಮಾತು ಅಲ್ಲಿಗೆ ತಲುಪಲು ಹದಿನಾಲ್ಕು ನಿಮಿಷ ಬೇಕು, ಉತ್ತರ ಬರಲು ಮತ್ತೆ ಹದಿನಾಲ್ಕು. ನಾವು ಇಲ್ಲಿಂದ ಏನೂ ಮಾಡುವಂತಿರಲಿಲ್ಲ.

ವಿಕಿರಣದ ದಾಖಲೆ ನೋಡಿ, ಕಡಿಮೆ ಪ್ರಮಾಣ ತಗುಲಿದವನನ್ನೇ ಹೊರಗೆ ಕಳಿಸುವುದೆಂದು ಗುರುಬಸವನ ಹೆಸರು ಕಳಿಸಿದೆವು. 'ಅವನು ಬೇಡ' ಎಂದು ಚಂಗಪ್ಪ ಬರೆದರು. ಕಾರಣ ಬರೆಯಲಿಲ್ಲ.

ನಿರ್ದೇಶಕ ಪುಟ್ಟಸ್ವಾಮಿ ಜುಬೇದಾರಿಂದ ಪುಟಗಳ ಚಿತ್ರ ತರಿಸಿಕೊಂಡು, ಕೇಂದ್ರದ ಭಾಷಾಯಂತ್ರಕ್ಕೆ ಪುಸ್ತಕವನ್ನು ಓದಿಸಿದರು. ಅದು ಆ ವಾಕ್ಯದ ಇಪ್ಪತ್ತೆರಡು ಬಗೆಯ ವ್ಯಾಕರಣ ವಿಂಗಡಿಸಿ, ಮಂತ್ರಗಾರನ ಪರ ಶೇಕಡಾ ಐವತ್ತೊಂದು, ಸಂಗಾತಿಯ ಪರ ನಲವತ್ತೊಂಬತ್ತು ಎಂದಿತು. ಅದನ್ನು ನೌಕೆಗೆ ಕಳಿಸಿದ್ದು ನಮ್ಮ ದಡ್ಡತನ. ಜಗಳ ಇನ್ನಷ್ಟು ಬಿಗಿಯಿತು.

"ಪುಸ್ತಕ ಬರೆದೋರು ಬದುಕಿದ್ದಾರಾ ನೋಡಮ್ಮ, ಮಂದಾಕಿನಿ," ಎಂದರು ಪುಟ್ಟಸ್ವಾಮಿ. "ಅವರ ಮಾತನ್ನಾದ್ರೂ ಕೇಳ್ತಾರೇನೋ."

ಬದುಕಿದ್ದರು. ಮುಖಪುಟದ ಒಳಗೆ ಸಣ್ಣಕ್ಷರದಲ್ಲಿ 'ಇಂದುಮತಿ ಹೆಬಸೂರ' ಎಂದಿತ್ತು. ಧಾರವಾಡದಲ್ಲಿ ಗಣಿತದ ಶಿಕ್ಷಕಿಯಾಗಿ ನಿವೃತ್ತರಾಗಿ, ತಂಗಿಯ ಜೊತೆ ಇದ್ದರು. ಎಪ್ಪತ್ತಾರು ವರ್ಷ. ಮರುದಿನ ಬೆಳಿಗ್ಗೆಯೇ ಹೋದೆ. ಅವರು ಜಗುಲಿಯಲ್ಲಿ ಕೂತು ಚವಳಿಕಾಯಿಯ ನಾರು ಬಿಡಿಸುತ್ತಿದ್ದರು. ಇಡೀ ಕಥೆ ಹೇಳಿದೆ. ನಗಲಿಲ್ಲ. ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು.

"ಎರಡು ನೂರು ಪ್ರತಿ ಹಾಕಿಸಿದ್ವಿ," ಎಂದರು. "ಒಂದು ಅಷ್ಟು ದೂರ ಹೋಗೇತೇನ?"

"ಹೌದು ಮೇಡಂ. ನೀವು ಒಂದು ತೀರ್ಪು ಹೇಳಿಬಿಟ್ರೆ ಸಾಕು. ಇಲ್ಲೇ ರೆಕಾರ್ಡ್ ಮಾಡ್ಕೊಂಡು ಹೋಗ್ತೀನಿ."

"ಹಂಗ ಆಗೂದಿಲ್ಲ, ತಂಗಿ. ಅವರು ಏನ್ ಏನ್ ಮಾತಾಡ್ಯಾರ, ಎಲ್ಲಾ ಕೇಳಬೇಕು ನಾನು. ಆಟದಾಗ ನಿಯಮಾ ಒಂದ ಓದಿದ್ರ ಏನೂ ತಿಳಿಯೂದಿಲ್ಲ. ಮಂದಿ ಮಾರಿ ನೋಡಬೇಕಾಗತೈತಿ. ಮಾರಿ ಇಲ್ಲಂದ್ರ ದನಿಯರ ಕೇಳಬೇಕು."

ಆ ಸಂಜೆಯೇ ನನ್ನ ಜೊತೆ ಬೆಂಗಳೂರಿಗೆ ಬಂದರು. ಅತಿಥಿಗೃಹ ಬೇಡವೆಂದು ನನ್ನ ಮನೆಯಲ್ಲೇ ಉಳಿದರು. ಅವರ ಊರಿನ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ಎರಡನೆಯ ದಿನಕ್ಕೆ ನನಗೂ ಅವರು ಅಕ್ಕೋರೇ ಆದರು.

ಎರಡು ಹಗಲು ಅವರು ಕೇಂದ್ರದ ಮೂಲೆಯ ಕುರ್ಚಿಯಲ್ಲಿ ಕೂತು ಆರು ತಿಂಗಳ ಆಟವನ್ನು ಕೇಳಿದರು. ಕಣ್ಣು ಮುಚ್ಚಿಕೊಂಡಿರುತ್ತಿದ್ದರು. ಒಮ್ಮೊಮ್ಮೆ ತುಟಿ ಅಲುಗುತ್ತಿತ್ತು, ತಾವೂ ಆಡುತ್ತಿರುವಂತೆ. ಜುಬೇದಾ ಕಥೆಯಲ್ಲಿ ಏನೋ ತಿರುವು ಕೊಟ್ಟಾಗ "ಶಾಣ್ಯಾಕಿ ಅದಾಳ" ಎಂದು ಮೆಚ್ಚಿದರು. ಆದರೆ ಕೊನೆಯ ಭಾನುವಾರದ ಮುದ್ರಿಕೆ ಬಂದಾಗ ಕಣ್ಣು ತೆರೆದರು. ಚಂಗಪ್ಪ ಕೂಗಿದ ಆ ಮಾತನ್ನು ಐದು ಸಲ ಹಾಕಿಸಿಕೊಂಡು ಕೇಳಿದರು. ಆಮೇಲೆ, ಮನೆಗೆ ಹೋಗೋಣ ಎಂದರು.

ಮರುದಿನ ಬೆಳಿಗ್ಗೆ ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಅವರು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ತಾವಾಗಿಯೇ ಹೇಳತೊಡಗಿದರು.

ಹಿಂದಿನ ಶತಮಾನ ಮುಗಿಯಲು ಎರಡು ವರ್ಷವಿದ್ದ ಕಾಲ. ನದಿ ದಂಡೆಯ ಒಂದು ಕಾಗದ ಕಾರ್ಖಾನೆಯ ಕಾಲನಿ. ಸೈರನ್ನು ಕೂಗಿದರೆ ಊಟ, ಸೈರನ್ನು ಕೂಗಿದರೆ ನಿದ್ದೆ. ಬಿದಿರು ಬೇಯುವ ವಾಸನೆ ಒಗೆದ ಬಟ್ಟೆಗೂ ಹತ್ತುತ್ತಿತ್ತು. ಹೊಸ ಯಂತ್ರ ಜೋಡಿಸಲು ಬಂದ ಪರದೇಶದ ತಂತ್ರಜ್ಞನೊಬ್ಬ ಬಿಟ್ಟುಹೋದ ಪತ್ರಿಕೆಯಲ್ಲಿ ಇಂಥ ಆಟವೊಂದರ ಬಗ್ಗೆ ಎರಡು ಪುಟವಿತ್ತು. ಆಟ ಸಿಗುವಂತಿರಲಿಲ್ಲ. ಹದಿನೆಂಟರ ಇಂದುಮತಿ ತಾನೇ ಒಂದನ್ನು ಕಟ್ಟಿದಳು. ಕೂಡ ಆಡುತ್ತಿದ್ದವರಲ್ಲಿ ಎಲ್ಲರಿಗಿಂತ ಹುರುಪಿನವನು ರಾಜೇಸಾಬ, ಕಾರ್ಖಾನೆಯಲ್ಲಿ ಆಗಷ್ಟೇ ಅಪ್ರೆಂಟಿಸ್ ಆಗಿ ಸೇರಿದ್ದವನು. ಅವನ ಮನೆಯ ಹಿತ್ತಲಲ್ಲಿ ಪೇರಲ ಗಿಡದ ಕೆಳಗೆ ಮಂಚ ಹಾಕಿಕೊಂಡು ಆಡುತ್ತಿದ್ದರು. ಅವನ ತಾಯಿ ಚುರುಮುರಿ ಒಗ್ಗರಣೆ ಹಾಕಿ ಕೊಡುತ್ತಿದ್ದಳು. ದಾಳಕ್ಕೆ ಎಣ್ಣೆಕೈ ಹತ್ತಿ ಅದರ ಚುಕ್ಕಿಗಳೆಲ್ಲ ಅಳಿಸಿಹೋಗಿದ್ದವು. ಗೀರು, ಮುಕ್ಕು ನೋಡಿ ಯಾವ ಮುಖ ಎಷ್ಟೆಂದು ಹೇಳುವುದು ಎಲ್ಲರಿಗೂ ಬಾಯಿಪಾಠವಾಗಿತ್ತು.

"ಪುಸ್ತಕಾ ಮಾಡಿಸಬೇಕು ಅಂತ ಹುಚ್ಚು ಹತ್ತಿತ್ತು ನನಗ," ಎಂದರು ಅಕ್ಕೋರು. "ಗೋದಾಮಿನಾಗಿಂದ ಕಾಗದದ ಕಟ್ಟು ತಂದೆ. ಕೇಳದ ತಂದೆ. ಕದ್ದೆ ಅನ್ನು. ಪುಸ್ತಕಾ ಅಚ್ಚಾತು. ಎಂಟು ದಿನದ ಮ್ಯಾಲ ಕಾವಲಿನವರು ಹುಡಿಕ್ಕೊಂತ ಬಂದ್ರು. ನಮ್ಮಪ್ಪ ಅಲ್ಲೇ ಫೋರಮನ್. ನನ್ನ ಹೆಸರು ಹೊರಗ ಬಂದಿದ್ರ ಅವನ ಮಾನ ಹೋಗ್ತಿತ್ತು. ನಾ ಬಾಯಿ ತೆರಿಯೂದ್ರಾಗ ರಾಜೇಸಾಬ 'ನಾ ತಗೊಂಡೀನಿ' ಅಂದುಬಿಟ್ಟ."

"ಆಮೇಲೆ?"

"ಕೆಲಸಾ ಹೋತು. ಮೂರು ದಿನದ ಮ್ಯಾಲ ಅಂವ ಏನೂ ಆಗಿಲ್ಲಂತ ನಕ್ಕೋಂತ ಆಟಕ್ಕ ಬಂದ. 'ಸಾವೆಳೆತ ಹಾಕೀನಿ ಬಿಡು' ಅಂದ. ನನಗ ಎಲ್ಲಿಲ್ಲದ ಸಿಟ್ಟು ಬಂತು. 'ನಾ ಕೇಳಿದ್ನೇನ ನಿನ್ನ? ಉಳಿಯಾಂವ ಒಪ್ಪಬೇಕು ಅಂತ ಐತಿ ನಿಯಮ, ನಾ ಒಪ್ಪಿಲ್ಲ' ಅಂತ ಚೀರಿ, ಅರ್ಧಕ್ಕ ಎದ್ದು ಬಂದೆ. ಅಂವ ಕಾರವಾರಕ್ಕ ಹೋಗಿ ದೋಣಿ ಎಂಜಿನ್ ರಿಪೇರಿ ಕಲತ. ಮತ್ತ ಮಾತಾಡಿಲ್ಲ."

ರವೆ ತಳ ಹಿಡಿಯುತ್ತಿತ್ತು. ನಾನು ಒಲೆ ಆರಿಸಿದೆ.

"ಒಪ್ಪಿಲ್ಲಂತ ಅಂದೆ ಖರೆ," ಎಂದರು ಅವರು, ತಗ್ಗಿದ ದನಿಯಲ್ಲಿ. "ಆದ್ರ ಕಾರ್ಖಾನಿಗೆ ಹೋಗಿ, ಅಂವ ಅಲ್ಲ, ನಾನು ಅಂತ ಹೇಳಲಿಲ್ಲ. ಅಂವ ಕೊಟ್ಟಿದ್ದು ಇಟಗೊಂಡೆ. ಇಟಗೊಂಡು ಬ್ಯಾಡ ಅಂದೆ. ನಿಮ್ಮ ನಾಯಕನ ದನಿಯಾಗ ಅದ ಐತಿ ನೋಡು. ಅವರು ಆಟಕ್ಕ ಜಗಳಾಡಾಕತ್ತಿಲ್ಲ. ಆ ಹುಡುಗ ಈ ಮನಿಶ್ಯಾಗೋಸ್ಕರ ಏನೋ ಮಾಡ್ಯಾನ. ನಿಮಗ ಯಾರಿಗೂ ಗೊತ್ತಿಲ್ಲ."

ಕೇಂದ್ರಕ್ಕೆ ಹೋಗಿ ಹೇಳಿದಾಗ ಪುಟ್ಟಸ್ವಾಮಿ ತಲೆಯಾಡಿಸಿದರು. ನೌಕೆಯ ಪ್ರತಿ ನಿಮಿಷದ ದಾಖಲೆ ನಮ್ಮ ಬಳಿ ಇದೆ, ಅಂಥದ್ದೇನೂ ಇಲ್ಲ ಎಂದರು. ಆದರೆ ಬೇರೆ ದಾರಿಯೂ ಇರಲಿಲ್ಲ. ನಿಯಮ ಮುರಿದು, ನನ್ನ ಧ್ವನಿಯಂತ್ರವನ್ನು ಅಕ್ಕೋರ ಮುಂದೆ ಸರಿಸಿದರು.

ಅಕ್ಕೋರು ಶಾಲೆಯಲ್ಲಿ ಪಾಠ ಹೇಳುವಂತೆ ಕೈಕಟ್ಟಿ ಕೂತರು.

"ಜುಬೇದಾ, ಗುರುಬಸವ, ಚಂಗಪ್ಪನವರ. ನಾನು ಇಂದುಮತಿ, ಪುಸ್ತಕಾ ಬರದಾಕಿ," ಎಂದು ಆರಂಭಿಸಿ, ಅಡುಗೆಮನೆಯಲ್ಲಿ ನನಗೆ ಹೇಳಿದ್ದನ್ನೆಲ್ಲ ಅವರಿಗೂ ಹೇಳಿದರು. ಕದ್ದೆ ಎಂಬ ಮಾತನ್ನೂ ಬಿಡಲಿಲ್ಲ. ಕೋಣೆಯಲ್ಲಿ ನಲವತ್ತು ಜನ ಕೇಳುತ್ತಿದ್ದರು.

"ಈಗ ತೀರ್ಪು. ಅವನು ಅಂದ್ರ ಉಳಿಯಾಂವ. ನಾ ಬರಿವಾಗ ಹಂಗ ಅಂದ್ಕೊಂಡ ಬರದೀನಿ. ಚಂಗಪ್ಪನವರ, ಅಷ್ಟರ ಮಟ್ಟಿಗೆ ನಿಮ್ಮದು ಸರಿ. ಆದ್ರ ಯಾವಾಗ ಒಪ್ಪಬೇಕು ಅಂತ ನಾ ಬರದಿಲ್ಲ. ಮಂತ್ರಾ ಹಾಕೂದ್ಕಿಂತ ಮೊದಲ ಅಂತ ಇಲ್ಲ. ಆಮ್ಯಾಲೂ ಒಪ್ಪಬಹುದು. ಹನ್ನೊಂದು ದಿನ ಆದ್ಮ್ಯಾಲೂ ಒಪ್ಪಬಹುದು. ಒಂದ ಮಾತು, ಒಪ್ಪೂದು ಅಂದ್ರ ಮನಸಿನಾಗ ಅಲ್ಲ. ಆಟದಾಗ ಎಲ್ಲಾ ಬಾಯಿಬಿಟ್ಟು ಹೇಳಬೇಕು. ಕೂತವರೆಲ್ಲಾ ಕೇಳೂಹಂಗ. ನಿಮ್ಮ ನಡುವ ಏನ್ ಆಗೇತೋ ನನಗ ಗೊತ್ತಿಲ್ಲ. ಗೊತ್ತಾಗಬೇಕು ಅಂತನೂ ಇಲ್ಲ. ನಾ ಹೇಳದ ಬಿಟ್ಟೆ, ನನಗೇನ್ ಆತು ಅಂತ ಹೇಳೀನಿ. ಅಷ್ಟ."

ಹದಿನಾಲ್ಕು ನಿಮಿಷ ಹೋಗಲು, ಹದಿನಾಲ್ಕು ಬರಲು. ಇಪ್ಪತ್ತೆಂಟನೆಯ ನಿಮಿಷ ಕಳೆಯಿತು. ಏನೂ ಬರಲಿಲ್ಲ. ನಲವತ್ತು ಕಳೆಯಿತು. ಅಕ್ಕೋರು ನೀರು ಕೇಳಿ ಕುಡಿದರು. ಐವತ್ತೆರಡನೆಯ ನಿಮಿಷದಲ್ಲಿ ಚಂಗಪ್ಪನವರ ದನಿ ಬಂತು.

"ಕೇಂದ್ರಕ್ಕೆ ನಾಯಕನ ವರದಿ. ಇದನ್ನ ದಾಖಲೆ ಮಾಡ್ಕೊಳ್ಳಿ. ಕಳೆದ ತಿಂಗಳ ಸೌರಬಿರುಗಾಳಿ ದಿನ ನಾವು ಮೂವರೂ ಆಶ್ರಯಕೋಣೆಯಲ್ಲಿದ್ವಿ. ಜುಬೇದಾ ನಿದ್ದೆಯಲ್ಲಿದ್ರು, ಭೂಮಿ ಜೊತೆ ಸಂಪರ್ಕ ಕಡಿದಿತ್ತು. ಹೊರ ಓಣಿಯಲ್ಲಿ ನೀರಿನ ಪಂಪು ನಿಂತುಹೋಯ್ತು. ಕೈಯಿಂದ ಶುರು ಮಾಡ್ಬೇಕು, ಇಪ್ಪತ್ತು ನಿಮಿಷದ ಕೆಲಸ. ಹೋಗಬೇಕಾದವನು ನಾನು. ನಾನು ಸಿದ್ಧ ಆಗೋ ಅಷ್ಟರಲ್ಲಿ ಗುರುಬಸವ ತನ್ನ ವಿಕಿರಣ ಅಳೆಯೋ ಬಿಲ್ಲೆ ಕಳಚಿಟ್ಟು ಹೊರಗೆ ಹೋಗಿಬಿಟ್ಟಿದ್ದ. ಅವನಿಗೆ ತಗುಲಿದ್ದು ನಿಮ್ಮ ದಾಖಲೆಯಲ್ಲಿಲ್ಲ. ಗೊತ್ತಾದ್ರೆ ಮಂಗಳದ ಮೇಲೆ ಇಳಿಸಲ್ಲ, ಹೇಳಬೇಡಿ ಅಂತ ಕೈ ಮುಗಿದ. ನಾನು ಸುಮ್ಮನಿದ್ದೆ. ಇನ್ನೊಂದು ಸಲ ಹೊರಗೆ ಹೋದ್ರೆ ಅವನು ಉಳಿಯಲ್ಲ. ಹೊರಗೆ ನಾನು ಹೋಗ್ತೀನಿ."

ಆಮೇಲೆ ದನಿ ಯಂತ್ರದಿಂದ ದೂರ ಸರಿದಂತೆ ಕೇಳಿಸಿತು. ಈ ಸಲ ಮಾತು ನಮಗಲ್ಲ.

"ಗುರು, ನೀನು ನನ್ನ ಜೀವ ಉಳಿಸಿದೀಯ. ಒಪ್ಪಿದೆ ಕಣೋ. ಒಪ್ಪಿದೆ."

ಯಾರೋ ಅಳುತ್ತಿದ್ದರು. ಗುರುಬಸವನೋ ಜುಬೇದಾರೋ ತಿಳಿಯಲಿಲ್ಲ. ನಮ್ಮ ಕೋಣೆಯಲ್ಲೂ ಪುಟ್ಟಸ್ವಾಮಿ ಕನ್ನಡಕ ತೆಗೆದು ಒರೆಸುತ್ತಿದ್ದರು.

ನಾಲ್ಕು ದಿನಗಳ ನಂತರ ಚಂಗಪ್ಪ ಹೊರಗೆ ಹೋದರು. ಗುರುಬಸವ ಒಳಗಿನಿಂದ ತೋಳು ನಡೆಸಿದ. ನಾಲ್ಕೂವರೆ ಗಂಟೆ ಅವರ ಮಾತು ನಮ್ಮ ಕೋಣೆಯಲ್ಲಿ ತುಂಬಿಕೊಂಡಿತ್ತು. "ಎಡಕ್ಕ ರೀ ಸರ್, ಹಾಂ, ತುಸು ಕೆಳಗ." "ಏಯ್, ನಿಧಾನ ಮಾರಾಯ." ಹನ್ನೊಂದು ದಿನಗಳ ಮಾತನ್ನೆಲ್ಲ ಒಂದೇ ಸಲ ಆಡಿ ಮುಗಿಸುವವರಂತೆ. ಕವಾಟ ಬಿಡಿಸಿಕೊಂಡಿತು. ನೌಕೆ ದಿನ ತಪ್ಪದೆ ಮಂಗಳನ ಸುತ್ತು ಹಿಡಿಯಿತು.

ಗುರುಬಸವ ಕೆಳಗೆ ಇಳಿಯಲಿಲ್ಲ. ಜುಬೇದಾ ಪರೀಕ್ಷಿಸಿದಾಗ ಅವನ ರಕ್ತದ ಕಣಗಳು ಅರ್ಧಕ್ಕೆ ಇಳಿದಿದ್ದವು. ಮೊದಲೇ ತಿಳಿದಿದ್ದರೆ ಬೇಗ ಔಷಧಿ ಕೊಡಬಹುದಿತ್ತು ಎಂದು ಜುಬೇದಾ ಇಬ್ಬರಿಗೂ ಚೆನ್ನಾಗಿ ಬೈದರು. ಎಂಟು ವರ್ಷ ತರಬೇತಿ ಪಡೆದವನು ನಲವತ್ತು ದಿನ ನೌಕೆಯಲ್ಲೇ ಒಬ್ಬನೇ ಸುತ್ತುತ್ತ, ಉಳಿದಿಬ್ಬರು ಕೆಂಪು ಮಣ್ಣಿನ ಮೇಲೆ ನಡೆಯುವುದನ್ನು ಪರದೆಯಲ್ಲಿ ನೋಡಿದ. ಭೂಮಿಗೆ ಮರಳಿದ ಮೇಲೆ ಎರಡು ವರ್ಷ ಚಿಕಿತ್ಸೆಯಾಯಿತು. ಚೇತರಿಸಿಕೊಂಡ. ಈಗ ಬೀದರದಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಾನೆ. ಪಶ್ಚಾತ್ತಾಪ ಇದೆಯಾ ಎಂದು ಒಮ್ಮೆ ಕೇಳಿದ್ದೆ. "ಮಣ್ಣ್ ಮುಟ್ಟಲಿಲ್ಲಂತ ಹೊಟ್ಟ್ಯಾಗ ಉರಿ ಅದ ರೀ ಮೇಡಂ, ಸುಳ್ಳ್ಯಾಕ ಹೇಳ್ಲಿ," ಎಂದ.

ಕವಾಟ ಬಿಡಿಸಿದ ಮರುದಿನ ನಾನು ಅಕ್ಕೋರನ್ನು ಧಾರವಾಡಕ್ಕೆ ಬಿಡಲು ಕಾರಿನಲ್ಲಿ ಹೊರಟೆ. ಹುಬ್ಬಳ್ಳಿ ಹತ್ತಿರ ಬಂದಾಗ ಅವರು ನನ್ನ ಮೊಣಕೈ ಮುಟ್ಟಿದರು.

"ತಂಗಿ, ಕಾರವಾರಕ್ಕ ಹೋಗೂಣೇನ? ನಿನಗ ಹೊತ್ತಾಗತೈತೇನೋ."

ದೋಣಿ ರಿಪೇರಿಯವರನ್ನು ಕೇಳುತ್ತ ಹೋಗಿ, ಮಧ್ಯಾಹ್ನ ಮೂರರ ಹೊತ್ತಿಗೆ ಬಂದರಿನ ಹಿಂದಿನ ಓಣಿಯಲ್ಲಿ ಆ ಮನೆ ಸಿಕ್ಕಿತು. ರಾಜೇಸಾಬರು ವರಾಂಡದಲ್ಲಿ ಲುಂಗಿ ಉಟ್ಟು ಕೂತಿದ್ದರು. ಎತ್ತರದ ಆಳು, ಬೆನ್ನು ಬಾಗಿತ್ತು. ಕಾರಿನಿಂದ ಇಳಿದವರನ್ನು ಕಣ್ಣು ಕಿರಿದು ಮಾಡಿ ನೋಡಿದರು.

"ಇಂದೂ?"

ಅಕ್ಕೋರು ಮೆಟ್ಟಿಲ ಮೇಲೆಯೇ ನಿಂತರು. ಒಳಗಿನಿಂದ ಸೊಸೆ, ಮೊಮ್ಮಕ್ಕಳು ಬಂದು ನಿಲ್ಲುವವರೆಗೂ ಕಾದರು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು. "ಕಾಗದಾ ಕದ್ದಾಕಿ ನಾನು. ಇವರ ಕೆಲಸಾ ಹೋಗಿದ್ದು ನನ್ನಿಂದ. ರಾಜಾ, ನೀ ಮಾಡಿದ್ದು ನಾ ಒಪ್ಪೀನಿ. ಇವತ್ತು ಒಪ್ಪೀನಿ."

ಸೊಸೆಗೆ ಏನೂ ಅರ್ಥವಾಗದೆ ನನ್ನ ಮುಖ ನೋಡಿದಳು. ರಾಜೇಸಾಬರು ಕುರ್ಚಿ ತೋರಿಸಿ, ಕೂಡು ಎಂದರು. ಸೊಸೆ ಚಹಾ ತಂದಳು. ಅಕ್ಕೋರು ನೌಕೆಯ ಕಥೆ, ತೀರ್ಪಿನ ಕಥೆ ಎಲ್ಲ ಹೇಳಿದರು. ರಾಜೇಸಾಬರು ಗಮನವಿಟ್ಟು ಕೇಳಿದರು. ಕೇಳಿ ಮುಗಿಸಿ ಲೋಟ ಕೆಳಗಿಟ್ಟರು.

"ತಪ್ಪು ತೀರ್ಪು," ಎಂದರು.

"ಏನ?"

"ಮೂರನೇ ಪುಟದಾಗ ನೀನ ಏನ್ ಬರದಿ? 'ಸರದಿ ಮುಗಿದ ಮೇಲೆ ಯಾವ ಮಂತ್ರಕ್ಕೂ ಬಲವಿಲ್ಲ' ಅಂತ. ನಾ ಮರತಿಲ್ಲ. ಅಂದ ಮ್ಯಾಲ ಇಷ್ಟು ವರ್ಷ ಬಿಟ್ಟು ಬಂದು ಒಪ್ಪೀನಿ ಅಂದ್ರ ಹ್ಯಾಂಗ ನಡೀತೈತಿ?"

"ಅದು ಕಾಳಗದ ಮಂತ್ರಕ್ಕ ಬರದಿದ್ದು!"

"ಯಾವ ಮಂತ್ರಕ್ಕೂ ಅಂತ ಐತಿ. ಯಾವ ಅಂದ್ರ ಯಾವ."

"ಅಧ್ಯಾಯದ ಹೆಸರೇನೈತಿ? ಕಾಳಗ ಅಂತ ಐತೋ ಇಲ್ಲೋ?"

ಇಬ್ಬರ ದನಿಯೂ ಏರಿತು. ಮೊಮ್ಮಕ್ಕಳು ಗಾಬರಿಯಿಂದ ಬಾಗಿಲಿಗೆ ಬಂದರು. ನಾನು ಬೆಂಗಳೂರಿಗೆ ಮರಳಬೇಕಿತ್ತು, ಪುಟ್ಟಸ್ವಾಮಿಯವರಿಂದ ಎರಡು ಸಲ ಕರೆ ಬಂದಿತ್ತು. ಆದರೆ ಎದ್ದು ಹೋಗಲು ಮನಸ್ಸಾಗಲಿಲ್ಲ. ಅಕ್ಕೋರ ಮುಖ ಕೆಂಪಾಗಿತ್ತು, ಹದಿನೆಂಟರ ಹುಡುಗಿ ಹೇಗಿದ್ದಳೆಂದು ನನಗೆ ಆಗ ಕಂಡಿತು.

"ಬಿಡು, ನಿನ್ನ ಮಾತ ಹಿಡಿಯೂಣು," ಎಂದರು ಕೊನೆಗೆ. "ಸರದಿ ಮುಗಿದ ಮ್ಯಾಲ ಬಲಾ ಇಲ್ಲ. ಆದ್ರ ಸರದಿ ಮುಗಿದೈತಿ ಅಂತ ಯಾರ್ ಹೇಳಿದ್ರು? ಅವತ್ತ ಅರ್ಧಕ್ಕ ಎದ್ದು ಬಂದಾಕಿ ನಾನು. ಸರದಿ ಮುಗದ ಇಲ್ಲ."

ರಾಜೇಸಾಬರು ಬೆರಳು ಮಡಿಚಿ ಏನೋ ಲೆಕ್ಕ ಹಾಕಿದರು. ಆಮೇಲೆ ಕುರ್ಚಿಯನ್ನು ಅವರತ್ತ ಎಳೆದುಕೊಂಡರು.

"ಹಂಗಾರ," ಎಂದರು, "ಈಗ ಯಾರ ಸರದಿ?"